ಸಮುದ್ರಕ್ಕೆ ಬೆನ್ನು ಹಾಕಿ ತೆಗೆದ ಚಿತ್ರಗಳು

ಗೋಕರ್ಣದ ಕುಡ್ಲೆ ತೀರದಲ್ಲಿ ಮಾಡೆಲ್‌ಗಳ ಚಿತ್ರ ತೆಗೆಯಲು ನಾನೂ ಎರಡು ವರ್ಷ ಎಲ್ಲರಂತೆ ಸಂಜೆಯನ್ನೇ ನಂಬಿದ್ದೆ. ಮಾಡೆಲ್ ಹಿಂದೆ ಮುಳುಗುವ ಸೂರ್ಯ, ಮುಖದ ಬೆಳಕಿಗೆ ಸಾಫ್ಟ್‌ಬಾಕ್ಸ್ (ಬೆಳಕನ್ನು ಮೆದುಗೊಳಿಸುವ ಬಟ್ಟೆಯ ಗೂಡು) ಹಾಕಿದ ಫ್ಲ್ಯಾಶ್. ಆ ಹೊತ್ತಿನ ಕಡಲಗಾಳಿಗೆ ಸಾಫ್ಟ್‌ಬಾಕ್ಸ್ ದೋಣಿಯ ಹಾಯಿಯಂತೆ ಉಬ್ಬುತ್ತದೆ. ಮರಳಿನ ಚೀಲ ಕಟ್ಟಿದರೂ ಸ್ಟ್ಯಾಂಡ್ ಎರಡು ಸಲ ಉರುಳಿತು. ಎರಡನೆಯ ಸಲ ಫ್ಲ್ಯಾಶ್ ಉಪ್ಪುನೀರಿಗೇ ಬಿತ್ತು. ಬಾಡಿಗೆಗೆ ತಂದ ಮಾಲು. ಸುಮಾರು 22,000 ರೂಪಾಯಿ ತೆತ್ತೆ. ಆ ತಿಂಗಳ ಸಂಪಾದನೆಯೆಲ್ಲ ಅಲ್ಲಿಗೇ ಹೋಯಿತು.

ದಾರಿ ಸಿಕ್ಕಿದ್ದು ಒಂದು ಡಿಸೆಂಬರಿನಲ್ಲಿ. ಶಿರಸಿಯ ಬಟ್ಟೆ ಅಂಗಡಿಯೊಂದಕ್ಕೆ ಹನ್ನೆರಡು ಸೀರೆಗಳ ಕೆಲಸ. ಸಂಜೆ ಒಂಬತ್ತು ಸೀರೆ ಮುಗಿದು ಮೂರು ಉಳಿದವು. ಮರುದಿನ ಬೆಳಿಗ್ಗೆ ಏಳೂಕಾಲಕ್ಕೆ ತೀರಕ್ಕೆ ಇಳಿದರೆ, ಪೂರ್ವದ ಗುಡ್ಡದ ನೆರಳು ಮರಳಿನ ಮೇಲೆಲ್ಲ ಮಲಗಿತ್ತು. ಪಡುವಣ ಆಕಾಶ ಮಾತ್ರ ಬೆಳ್ಳಗೆ ತೆರೆದುಕೊಂಡಿತ್ತು. ಮಾಡೆಲ್‌ಳನ್ನು ಸಮುದ್ರದ ಕಡೆ ಮುಖ ಮಾಡಿಸಿ, ನಾನು ಅಲೆಗಳಿಗೆ ಬೆನ್ನು ಕೊಟ್ಟು ನಿಂತೆ. ಆ ಮೂರು ಸೀರೆಗಳ ಜರಿ ಎಳೆಎಳೆಯಾಗಿ ಮೂಡಿತು. ಸಂಜೆ ತೆಗೆದ ಒಂಬತ್ತರಲ್ಲಿ ಅಂಗಡಿಯವರು ಆರಿಸಿಕೊಂಡದ್ದು ಎರಡೇ.

ಇನ್ನು ಬೆಳಗಿನಲ್ಲೇ ತೆಗೆಯುತ್ತೇನೆ ಎಂದಾಗ ಕಾರವಾರದ ಹಿರಿಯ ಛಾಯಾಗ್ರಾಹಕರೊಬ್ಬರು, "ತಮ್ಮಾ, ಸಮುದ್ರ ಇಟ್ಟುಕೊಂಡು ಗುಡ್ಡ ತೋರಿಸುತ್ತೀಯಾ? ದುಡ್ಡು ಕೊಡುವವರು ಒಪ್ಪುತ್ತಾರೆಯೇ?" ಎಂದರು. ಮೊದಲ ನಾಲ್ಕು ಗಿರಾಕಿಗಳಲ್ಲಿ ಇಬ್ಬರು ಒಪ್ಪಲಿಲ್ಲ, ಮುಂಗಡವನ್ನೂ ವಾಪಸ್ ಕೇಳಿದರು. ಕೊಟ್ಟೆ, ಆದರೆ ಪಟ್ಟು ಬಿಡಲಿಲ್ಲ.

ಬೆಳಕಿನ ಅರ್ಧ ಕೆಲಸವನ್ನು ಒದ್ದೆ ಮರಳು ಮಾಡುತ್ತದೆ. ಕಡಲಿನ ಇಳಿತ ಬೆಳಿಗ್ಗೆ ಬೀಳುವ ದಿನವನ್ನು ಮೀನುಗಾರರನ್ನು ಕೇಳಿಕೊಂಡೇ ಗೊತ್ತುಮಾಡುತ್ತೇನೆ. ನೀರು ಆಗಷ್ಟೇ ಸರಿದ ಮರಳು ಆಕಾಶವನ್ನು ಕೆಳಗಿನಿಂದ ಎತ್ತಿ ಕೊಡುತ್ತದೆ. ಗದ್ದದ ಕೆಳಗಿನ, ಕಣ್ಣಗುಳಿಯ ಕಪ್ಪು ತಾನಾಗಿ ತಿಳಿಯಾಗುತ್ತದೆ. 85 ಎಂಎಂ ಲೆನ್ಸ್, ಅದರ ಕಿಂಡಿ ಎಫ್ 2.8ಕ್ಕೆ, ಕ್ಯಾಮೆರಾ ಸೊಂಟದ ಎತ್ತರಕ್ಕೆ. ಹಿಂದೆ ಗಾಳಿಮರಗಳಿದ್ದರೆ ಯಾವ ಕಾಂಡವೂ ತಲೆಯಿಂದ ಮೊಳೆತಂತೆ ಕಾಣಬಾರದು, ಮರಳು ಮುಗಿಯುವ ಗೆರೆ ಕುತ್ತಿಗೆಯನ್ನು ಕತ್ತರಿಸಬಾರದು. ಇವೆರಡರಲ್ಲಿ ನಾನು ಯಾರಿಗೂ ರಿಯಾಯಿತಿ ಕೊಡುವುದಿಲ್ಲ.

ಬೆಳಿಗ್ಗೆ ಗಾಳಿ ನೆಲದಿಂದ ಕಡಲಿನತ್ತ ಬೀಸುತ್ತದೆ, ಕೂದಲು ಮುಖಕ್ಕೆ ಬರುತ್ತದೆ. ಮೊದಮೊದಲು ಇದರಿಂದಲೇ ನೂರಾರು ಚಿತ್ರಗಳು ಹಾಳಾದವು. ಈಗ ಭುಜವನ್ನು ತುಸು ಉತ್ತರಕ್ಕೆ ತಿರುಗಿಸಿ, ಸೆರಗಿನ ಅಂಚಿನೊಳಗೆ ಬಲೆಯ ಸೀಸದ ಗುಂಡು ಹೊಲಿಸುತ್ತೇನೆ. ಎಷ್ಟು ಗುಂಡು, ಎಲ್ಲಿ ಎಂಬುದು ನಮ್ಮ ಟೈಲರ್‌ಗೂ ನನಗೂ ಮಾತ್ರ ಗೊತ್ತಿರಲಿ.

ಎಂಟರ ಹೊತ್ತಿಗೆ ಸೂರ್ಯ ಗುಡ್ಡದ ನೆತ್ತಿಗೆ ಬಂದು ಕೂದಲಿನ ಅಂಚು ಹೊತ್ತಿಕೊಂಡಂತೆ ಹೊಳೆಯುತ್ತದೆ, ಮುಖ ಇನ್ನೂ ಆಕಾಶದ ಮೆದು ಬೆಳಕಿನಲ್ಲೇ ಇರುತ್ತದೆ. ಹೆಚ್ಚೆಂದರೆ ಹನ್ನೆರಡು ನಿಮಿಷ. ಮುಖ್ಯ ಸೀರೆಯನ್ನು ಆ ಹೊತ್ತಿಗೇ ಕಾದಿಡುತ್ತೇನೆ. ಆಗ ಮುಖಕ್ಕೆ ಬೆಳಕು ತಿರುಗಿಸಲು ಹಿಡಿಯುವ ತಗಡಿನ ಬಣ್ಣವನ್ನು ಇಲ್ಲಿ ಬರೆಯುವುದಿಲ್ಲ.

ಇದೇ ಹುರುಪಿನಲ್ಲಿ ಕಾರವಾರದಾಚೆ ಮಾಜಾಳಿ ಬಳಿಯ ತಿಳಮಾತಿ ತೀರಕ್ಕೂ ಹೋದೆ. ಎಳ್ಳಿನಂಥ ಕಪ್ಪು ಮರಳು ಬೆಳಕನ್ನೆಲ್ಲ ನುಂಗಿತು, ಮುಖಗಳು ಮಂಕಾದವು. ಮರುವಾರ ಆರು ಬಿಳಿ ಪಂಚೆ ಹಾಸಿ ನೋಡಿದೆ. ಬೆಳಕು ಬಂತು, ಆದರೆ ಮರಳೇ ಮುಚ್ಚಿಹೋದ ಮೇಲೆ ಅಷ್ಟು ದೂರ ನಡೆದು ಹೋಗುವುದೇಕೆ? ಅಲ್ಲಿ ಈಗ ಎದೆಮಟ್ಟದ ಚಿತ್ರಗಳನ್ನು ಮಾತ್ರ ತೆಗೆಯುತ್ತೇನೆ. ಶಿರಸಿಯ ಅಡಿಕೆ ತೋಟದಲ್ಲಿ ಕಷ್ಟ ಬೇರೆ: ಎಲೆಗಳಿಂದ ಬರುವ ಬೆಳಕಿಗೆ ಚರ್ಮವೆಲ್ಲ ಹಸಿರು. ಕ್ಯಾಮೆರಾದ ವೈಟ್ ಬ್ಯಾಲೆನ್ಸ್ (ಬಣ್ಣದ ಹೊಂದಾಣಿಕೆ) ತಿದ್ದಿದರೆ ಸೀರೆಯ ಬಣ್ಣ ಕೆಡುತ್ತದೆ. ತೋಟದ ಯಜಮಾನರಿಂದ ಕಪ್ಪು ಕಂಬಳಿ ಕೇಳಿ ಪಡೆದು ಮಾಡೆಲ್‌ಳ ಒಂದು ಬದಿಗೆ ಹಿಡಿಸಿದಾಗ ಹಸಿರು ಅರ್ಧಕ್ಕರ್ಧ ಇಳಿಯಿತು.

ಹಿಂದೆ ಸಂಜೆಯ ಒಂದು ಕೆಲಸಕ್ಕೆ ಫ್ಲ್ಯಾಶ್ ಬಾಡಿಗೆ, ಇಬ್ಬರು ಸಹಾಯಕರು ಸೇರಿ 9,000 ಆಗುತ್ತಿತ್ತು. ಈಗ ಒಬ್ಬ ಹುಡುಗ, ಒಂದು ತಗಡು, 2,500ರಲ್ಲಿ ಮುಗಿಯುತ್ತದೆ. ಕಳೆದ ಚಳಿಗಾಲದಲ್ಲಿ ಇಂಥ ಹದಿನೇಳೋ ಹದಿನೆಂಟೋ ಬೆಳಗುಗಳು ಸಿಕ್ಕವು. ಮುಂಗಡ ವಾಪಸ್ ಪಡೆದಿದ್ದ ಇಬ್ಬರಲ್ಲಿ ಒಬ್ಬರು ಮೊನ್ನೆ ಫೋನ್ ಮಾಡಿ, ಜನವರಿಯಲ್ಲಿ ಇಳಿತದ ದಿನ ಯಾವುದು ಎಂದು ಕೇಳಿದರು.