ಆಕರಗಳನ್ನು ಒರೆಗೆ ಹಚ್ಚುವುದನ್ನು ವಿದ್ಯಾರ್ಥಿಗಳಿಗೆ ಕಲಿಸುವ ಬಗೆ

‘ನಂಬಲರ್ಹವಾದ ಆಕರಗಳನ್ನೇ ಬಳಸಿ’ ಎಂದು ಬೋರ್ಡಿನ ಮೇಲೆ ಬರೆದ ಮಾತ್ರಕ್ಕೆ ವಿದ್ಯಾರ್ಥಿಗಳ ಸಂಶೋಧನಾ ವರದಿಗಳು ಸುಧಾರಿಸುವುದಿಲ್ಲ. ಒಂದೇ ಒಂದು ವಾಕ್ಯವನ್ನು ಅವರ ಮುಂದಿಟ್ಟು, ಅದರ ಬುಡವನ್ನು ಹುಡುಕಿಸಬೇಕು. ಬೆಂಗಳೂರಿನ ಪ್ರೌಢಶಾಲೆ ಅಥವಾ ಪಿಯು ತರಗತಿಗೆ ಹೇಳಿ ಮಾಡಿಸಿದಂಥ ವಾಕ್ಯವೊಂದಿದೆ: ‘ಏಷ್ಯಾದಲ್ಲಿಯೇ ಮೊಟ್ಟಮೊದಲು ವಿದ್ಯುತ್ ಬೀದಿದೀಪ ಬಂದದ್ದು ಬೆಂಗಳೂರಿಗೆ, 1905ರಲ್ಲಿ.’

ಹುಡುಕಿದರೆ ಇದೇ ಮಾತು ಹಲವು ಜಾಲಪುಟಗಳಲ್ಲಿ ಸಿಗುತ್ತದೆ, ಇಷ್ಟು ಜನ ಹೇಳಿದ ಮೇಲೆ ನಿಜವೇ ಇರಬೇಕೆಂದು ಹೆಚ್ಚಿನ ವಿದ್ಯಾರ್ಥಿಗಳು ಅಲ್ಲಿಗೇ ನಿಲ್ಲಿಸುತ್ತಾರೆ. ಪ್ರತಿ ಪುಟವನ್ನು ಬರೆದವರು ಯಾರು, ಬರೆದದ್ದು ಯಾವಾಗ, ಆಧಾರವಾಗಿ ಏನನ್ನು ತೋರಿಸಿದ್ದಾರೆ ಎಂಬುದನ್ನು ಆಗ ನೋಟ್‌ಬುಕ್ಕಿನಲ್ಲಿ ಪಟ್ಟಿ ಮಾಡಿಸಿ. ಕೊನೆಯ ಕಾಲಂ ಬಹುಪಾಲು ಖಾಲಿಯೇ ಉಳಿಯುತ್ತದೆ. ಪದಕ್ಕೆ ಪದ ಹೊಂದುವ ಸಾಲುಗಳಿಗೆ ಒಂದೇ ಬಣ್ಣದಲ್ಲಿ ಅಡಿಗೆರೆ ಎಳೆಸಿದರೆ, ಯಾರು ಯಾರಿಂದ ನಕಲು ಮಾಡಿರಬಹುದೆಂಬುದೂ ಕಣ್ಣಿಗೆ ಬೀಳುತ್ತದೆ.

ಆಮೇಲೆ ವಾಕ್ಯವನ್ನು ಎರಡಾಗಿ ಒಡೆಯಬೇಕು. 1905ರಲ್ಲಿ ಬೆಂಗಳೂರಿಗೆ ವಿದ್ಯುತ್ ದೀಪ ಬಂತೆಂಬ ಭಾಗ ಗಟ್ಟಿಯಾಗಿಯೇ ಇದೆ: 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ಹರಿಯತೊಡಗಿದ ಶಿವನಸಮುದ್ರದ ವಿದ್ಯುತ್ತನ್ನೇ ನಗರಕ್ಕೂ ತರಲಾಯಿತು, ಇದನ್ನು ಮೈಸೂರು ಸಂಸ್ಥಾನದ ಆಡಳಿತ ವರದಿಗಳಂಥ ಆ ಕಾಲದ ದಾಖಲೆಗಳಲ್ಲಿ ಹುಡುಕಿಸಬಹುದು. ‘ಏಷ್ಯಾದಲ್ಲಿಯೇ ಮೊಟ್ಟಮೊದಲು’ ಎಂಬ ಭಾಗಕ್ಕಾದರೋ ಬೆಂಗಳೂರಿನ ದಾಖಲೆಗಳಷ್ಟೇ ಸಾಕ್ಷಿಯಾಗಲಾರವು, ಬೇರೆ ಊರುಗಳ ಇತಿಹಾಸವನ್ನೂ ತೆರೆಯಬೇಕಾಗುತ್ತದೆ. ಶಾಂಘೈ ನಗರದಲ್ಲಿಯೂ ಟೋಕಿಯೊದ ಗಿಂಜಾ ಬೀದಿಯಲ್ಲಿಯೂ 1882ರಲ್ಲಿಯೇ ಆರ್ಕ್ ಎಂಬ ಬಗೆಯ ವಿದ್ಯುತ್ ದೀಪಗಳು ಬೆಳಗಿದ್ದವು. ಕಲ್ಕತ್ತೆಯಲ್ಲಿ 1899ರಲ್ಲಿ ವಿದ್ಯುತ್ ಪೂರೈಕೆ ಆರಂಭವಾಗಿತ್ತು. (ಊರಿನ ಅಭಿಮಾನದ ಮಾತನ್ನು ಯಾರೂ ಪರೀಕ್ಷಿಸಲು ಹೋಗುವುದಿಲ್ಲವಾದ್ದರಿಂದ, ಮೊದಲ ಪಾಠಕ್ಕೆ ಇಂಥದ್ದನ್ನೇ ಆರಿಸುವುದು ಒಳ್ಳೆಯದು.)

ಅಂಕಿ ಅಂಶಗಳ ವಿಷಯ ಬೇರೆ. 2011ರ ಜನಗಣತಿಯಂತೆ ಆಗಿನ ಬಿಬಿಎಂಪಿ (ಮಹಾನಗರ ಪಾಲಿಕೆ) ವ್ಯಾಪ್ತಿಯ ಜನಸಂಖ್ಯೆ 84,43,675. ಬೆಂಗಳೂರು ನಗರ ಜಿಲ್ಲೆಯದು 96,21,551. ಎರಡೂ ಸರಿಯಾದ ಸಂಖ್ಯೆಗಳೇ ಆಗಿರುವುದರಿಂದ, ಯಾವ ವ್ಯಾಪ್ತಿಯದು, ಯಾವ ವರ್ಷದ್ದು, ಎಣಿಕೆಯೋ ಅಂದಾಜೋ ಎಂಬುದನ್ನು ಬರೆಯದ ವರದಿಯನ್ನು ತಿದ್ದಲು ಹಿಂದಿರುಗಿಸಬೇಕು.

ವಿಕಿಪೀಡಿಯವನ್ನು ನಿಷೇಧಿಸುವುದರಿಂದ ಪ್ರಯೋಜನವಿಲ್ಲ. ಅದರ ಅಡಿಟಿಪ್ಪಣಿಯಲ್ಲಿರುವ ಆಕರವನ್ನೇ ತೆರೆದು ಓದಿಸಿ. ಚಾಟ್‌ಬಾಟ್‌ಗಳು ಇಲ್ಲದ ಪುಸ್ತಕಗಳ ಹೆಸರನ್ನೂ ಹೇಳಿಬಿಡುವುದುಂಟು. ಆದ್ದರಿಂದ ಕಬ್ಬನ್ ಪಾರ್ಕಿನ ರಾಜ್ಯ ಕೇಂದ್ರ ಗ್ರಂಥಾಲಯದಲ್ಲಿಯೋ ಶಾಲೆಯ ಗ್ರಂಥಾಲಯದಲ್ಲಿಯೋ ಸ್ಕ್ಯಾನ್ ಪ್ರತಿಯಲ್ಲಿಯೋ ಸ್ವತಃ ಕಂಡ ಪುಸ್ತಕವನ್ನು ಮಾತ್ರ, ಓದಿದ ಪುಟದ ಸಂಖ್ಯೆಯೊಂದಿಗೆ ವರದಿಯಲ್ಲಿ ನಮೂದಿಸಬೇಕೆಂದು ಮೊದಲೇ ತಿಳಿಸಿಡಿ.