ಕಿಣ್ವ ಸುಮ್ಮನಾಗಿದೆಯೋ, ಕೆಟ್ಟೇಹೋಗಿದೆಯೋ: ಪಿಎಚ್ ಪ್ರಯೋಗ ಮಾಡುವ ಬಗೆ

ಕಿಣ್ವ (ಎನ್‌ಜೈಮ್) ಎಂದರೆ ಜೀವಿಗಳಲ್ಲಿ ರಾಸಾಯನಿಕ ಕ್ರಿಯೆಗಳನ್ನು ಚುರುಕಾಗಿಸುವ ಪ್ರೋಟೀನ್. ಅದರ ವೇಗಕ್ಕೂ ಪಿಎಚ್‌ಗೂ (ದ್ರಾವಣ ಎಷ್ಟು ಆಮ್ಲೀಯ, ಎಷ್ಟು ಕ್ಷಾರೀಯ ಎಂಬ ಅಳತೆ) ಇರುವ ನಂಟನ್ನು ನಕ್ಷೆಯಲ್ಲಿ ಬರೆದರೆ ಗಂಟೆಯ ಆಕಾರ ಮೂಡುತ್ತದೆ. ನಡುವೆ ಶಿಖರ, ಎರಡೂ ಬದಿಗೆ ಇಳಿಜಾರು. ಪೆಪ್ಸಿನ್‌ನ ಶಿಖರ ಪಿಎಚ್ 2ರ ಆಸುಪಾಸಿನಲ್ಲಿದೆ, ಜೊಲ್ಲಿನ ಅಮೈಲೇಸ್‌ನದು 7ಕ್ಕಿಂತ ತುಸು ಕೆಳಗೆ, ಟ್ರಿಪ್ಸಿನ್‌ನದು 8ರ ಹತ್ತಿರ. ಆದರೆ ಆ ಇಳಿಜಾರಿನಲ್ಲಿ ಎರಡು ಸಂಗತಿಗಳು ಬೆರೆತಿರುತ್ತವೆ. ಕಿಣ್ವ ತಾತ್ಕಾಲಿಕವಾಗಿ ಕೆಲಸ ನಿಲ್ಲಿಸಿರಬಹುದು, ಇಲ್ಲವೇ ಅದರ ಪ್ರೋಟೀನ್ ಸರಪಳಿ ಮಡಚಿಕೊಂಡಿರುವ ಮಡಿಕೆಗಳೇ ಬಿಚ್ಚಿ ಕೆಟ್ಟಿರಬಹುದು. ನಕ್ಷೆಯನ್ನಷ್ಟೇ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ. ಹಾಗಾಗಿ ಇಲ್ಲಿ ಹೇಳುವ ಪ್ರಯೋಗಕ್ಕೆ ಎರಡು ಭಾಗ. ಮೊದಲನೆಯದು ವೇಗ ಅಳೆಯಲು, ಎರಡನೆಯದು ವೇಗ ಕುಸಿದದ್ದು ಏಕೆಂದು ತಿಳಿಯಲು.

ಒಳಗೆ ನಡೆಯುವುದೇನು?

ಅಮೈಲೇಸ್ ಪಿಷ್ಟದ ಉದ್ದನೆಯ ಸರಪಳಿಯನ್ನು ಕತ್ತರಿಸುತ್ತದೆ. ಮನುಷ್ಯರ ಅಮೈಲೇಸ್‌ನಲ್ಲಿ ಈ ಕೆಲಸಕ್ಕೆ ಮುಖ್ಯವಾದವು ಅದರ ಪ್ರೋಟೀನ್ ಸರಪಳಿಯ ಎರಡು ಅಮೈನೋ ಆಮ್ಲಗಳು: 197ನೆಯ ಸ್ಥಾನದ ಆಸ್ಪಾರ್ಟೇಟ್ ಮತ್ತು 233ನೆಯ ಸ್ಥಾನದ ಗ್ಲುಟಮೇಟ್. ಇವೆರಡರ ಬೇಡಿಕೆ ತದ್ವಿರುದ್ಧ. ಆಸ್ಪಾರ್ಟೇಟ್ ತನ್ನ ಪ್ರೋಟಾನನ್ನು (ಹೈಡ್ರೋಜನ್ ಅಯಾನನ್ನು) ಬಿಟ್ಟುಕೊಟ್ಟಿರಬೇಕು, ಗ್ಲುಟಮೇಟ್ ಹಿಡಿದುಕೊಂಡಿರಬೇಕು. ದ್ರಾವಣ ಆಮ್ಲೀಯವಾದರೆ ಆಸ್ಪಾರ್ಟೇಟ್‌ಗೂ ಪ್ರೋಟಾನ್ ಅಂಟಿಕೊಂಡು ಅದು ಪಿಷ್ಟದ ಬಂಧದ ಮೇಲೆರಗಲಾರದು. ಕ್ಷಾರೀಯವಾದರೆ ಗ್ಲುಟಮೇಟ್ ಪ್ರೋಟಾನ್ ಕಳೆದುಕೊಂಡು, ಕೊಡಬೇಕಾದಾಗ ಕೈಯಲ್ಲೇನೂ ಇರುವುದಿಲ್ಲ. ಗಂಟೆಯಾಕಾರದ ಎರಡು ಬದಿಗಳು ಹುಟ್ಟುವುದು ಹೀಗೆ.

ಇಷ್ಟೇ ಆದರೆ ಪಿಎಚ್ ಸರಿಪಡಿಸಿದ ಕೂಡಲೇ ಕೆಲಸ ಮತ್ತೆ ಶುರುವಾಗಬೇಕು. ಪಿಎಚ್ ತೀರಾ ದೂರ ಹೋದಾಗ ಮಾತ್ರ ಪ್ರೋಟೀನಿನ ಮಡಿಕೆಗಳನ್ನು ಹಿಡಿದಿಟ್ಟ ವಿದ್ಯುದಾವೇಶಗಳ ಲೆಕ್ಕಾಚಾರವೇ ತಪ್ಪಿ ರಚನೆ ಬಿಚ್ಚಿಕೊಳ್ಳುತ್ತದೆ. ಅಲ್ಲಿಂದ ವಾಪಸು ಬರುವುದು ಕಷ್ಟ.

ಬಫರ್ ಇಲ್ಲದೆ ಆರಂಭಿಸಬೇಡಿ

ಬಫರ್ ಎಂದರೆ ಸ್ವಲ್ಪ ಆಮ್ಲವೋ ಕ್ಷಾರವೋ ಬಿದ್ದರೂ ಪಿಎಚ್ ಹೆಚ್ಚು ಬದಲಾಗದಂತೆ ಹಿಡಿದಿಡುವ ದ್ರಾವಣ. ಪ್ರನಾಳಕ್ಕೆ ನಾಲ್ಕು ಹನಿ ಆಮ್ಲ ಹಾಕಿ 'ಆಮ್ಲೀಯ' ಎಂದು ಬರೆದುಕೊಳ್ಳುವುದು ಎಲ್ಲಕ್ಕಿಂತ ಸಾಮಾನ್ಯವಾದ ತಪ್ಪು. ಹಾಕಿದ ಆಮ್ಲದ ಪ್ರಮಾಣವೇ ಬೇರೆ, ದ್ರಾವಣದಲ್ಲಿ ಬಿಡಿಯಾಗಿರುವ ಹೈಡ್ರೋಜನ್ ಅಯಾನುಗಳ ಪ್ರಮಾಣವೇ ಬೇರೆ. ಕಿಣ್ವ ಸ್ಪಂದಿಸುವುದು ಎರಡನೆಯದಕ್ಕೆ. ಪಿಎಚ್ ಎಂಬ ಅಳತೆ ಹುಟ್ಟಿದ್ದೂ ಈ ತಕರಾರಿನಿಂದಲೇ. ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದ ರಸಾಯನವಿಜ್ಞಾನಿ ಸೊರೆನ್ಸನ್ 1909ರಲ್ಲಿ ಅದನ್ನು ಮುಂದಿಟ್ಟದ್ದು ಕಿಣ್ವಗಳ ಕುರಿತ ಪ್ರಬಂಧದಲ್ಲಿ.

ಸಿಟ್ರೇಟ್-ಫಾಸ್ಫೇಟ್ ಬಫರ್ ಅನುಕೂಲಕರ, ಎರಡೇ ದ್ರಾವಣಗಳಿಂದ 3ರಿಂದ 8ರವರೆಗೂ ಹೋಗಬಹುದು. ಮೊದಲನೆಯದು 0.1 ಮೋಲಾರ್ ಸಿಟ್ರಿಕ್ ಆಮ್ಲ: 100 ಮಿ.ಲೀ.ಗೆ ಮಾನೋಹೈಡ್ರೇಟ್ ಆದರೆ 2.10 ಗ್ರಾಂ, ನಿರ್ಜಲವಾದರೆ 1.92 ಗ್ರಾಂ. ಎರಡನೆಯದು 0.2 ಮೋಲಾರ್ ಡೈಸೋಡಿಯಂ ಹೈಡ್ರೋಜನ್ ಫಾಸ್ಫೇಟ್: ನಿರ್ಜಲವಾದರೆ 2.84 ಗ್ರಾಂ, ಡೈಹೈಡ್ರೇಟ್ ಆದರೆ 3.56, ಡೋಡೆಕಾಹೈಡ್ರೇಟ್ ಆದರೆ 7.16. ಬಾಟಲಿಯ ಚೀಟಿಯನ್ನು ಎರಡು ಸಲ ಓದಿ. ಹರಳಿನೊಳಗಿನ ನೀರನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ತೂಗಿದರೆ ಮುಂದಿನದೆಲ್ಲ ದಾರಿ ತಪ್ಪುತ್ತದೆ.

20 ಮಿ.ಲೀ. ಬಫರ್‌ಗೆ ಬೆರೆಸಬೇಕಾದದ್ದು (ಮೊದಲು ಫಾಸ್ಫೇಟ್, ನಂತರ ಸಿಟ್ರಿಕ್ ಆಮ್ಲ, ಮಿ.ಲೀ.ಗಳಲ್ಲಿ):

ಪಿಎಚ್ 3: 4.11 ಮತ್ತು 15.89
ಪಿಎಚ್ 4: 7.71 ಮತ್ತು 12.29
ಪಿಎಚ್ 5: 10.30 ಮತ್ತು 9.70
ಪಿಎಚ್ 6: 12.63 ಮತ್ತು 7.37
ಪಿಎಚ್ 7: 16.47 ಮತ್ತು 3.53
ಪಿಎಚ್ 8: 19.45 ಮತ್ತು 0.55

ಬೆರೆಸಿದ ಮೇಲೆ ಮೀಟರ್‌ನಲ್ಲಿ ಒಮ್ಮೆ ನೋಡಿ. ಪಟ್ಟಿಯನ್ನು ನಂಬಿ ಮೀಟರ್ ಬಿಡಬಾರದು, ಮಾನಕ ದ್ರಾವಣಗಳಿಗೆ ಹೊಂದಿಸದ ಮೀಟರ್ ನಂಬಿ ಪಟ್ಟಿಯನ್ನೂ ಬಿಡಬಾರದು. ಟ್ರಿಸ್ ಬಫರ್ ಬಳಸುವವರು ಇನ್ನೊಂದನ್ನು ಗಮನಿಸಬೇಕು: 25 ಡಿಗ್ರಿಯಲ್ಲಿ ಸರಿಮಾಡಿಟ್ಟ ಟ್ರಿಸ್ 37 ಡಿಗ್ರಿಗೆ ಹೋದಾಗ ಅದರ ಪಿಎಚ್ ಸುಮಾರು 0.3ರಷ್ಟು ಇಳಿಯುತ್ತದೆ. ಫಾಸ್ಫೇಟ್‌ಗೆ ಆ ಚಂಚಲತೆ ಬಹಳ ಕಡಿಮೆ.

ಉಳಿದ ದ್ರಾವಣಗಳು

ಪಿಷ್ಟ: 0.5 ಗ್ರಾಂ ಕರಗುವ ಪಿಷ್ಟವನ್ನು ಸ್ವಲ್ಪ ತಣ್ಣೀರಿನಲ್ಲಿ ಕಲಸಿ, ಕುದಿಯುವ ನೀರಿಗೆ ಸುರಿದು, ತಣಿದ ಮೇಲೆ 100 ಮಿ.ಲೀ. ಮಾಡಿಕೊಳ್ಳಿ. ಅದಕ್ಕೆ 0.3 ಗ್ರಾಂ ಸೋಡಿಯಂ ಕ್ಲೋರೈಡ್ ಸೇರಿಸಿ. ಜೊಲ್ಲಿನ ಅಮೈಲೇಸ್‌ಗೆ ಕ್ಲೋರೈಡ್ ಬೇಕು, ಇಲ್ಲದಿದ್ದರೆ ಮಂಕಾಗುತ್ತದೆ. ಪಿಷ್ಟ ಅದೇ ದಿನದ್ದಾಗಿರಲಿ.

ಅಯೋಡಿನ್ (ಪಿಷ್ಟವಿದ್ದರೆ ನೀಲಿಯಾಗಿ ತೋರಿಸುವುದು ಇದೇ): 2 ಗ್ರಾಂ ಪೊಟ್ಯಾಸಿಯಂ ಅಯೋಡೈಡನ್ನು ಸ್ವಲ್ಪವೇ ನೀರಿನಲ್ಲಿ ಕರಗಿಸಿ, ಅದರಲ್ಲಿ 1 ಗ್ರಾಂ ಅಯೋಡಿನ್ ಕರಗಿಸಿ, ಆಮೇಲೆ 300 ಮಿ.ಲೀ.ಗೆ ಏರಿಸಿ. ನೇರ ನೀರಿಗೆ ಹಾಕಿದ ಅಯೋಡಿನ್ ತಳದಲ್ಲೇ ಕೂರುತ್ತದೆ.

ಕಿಣ್ವ: ಬಾಯಿ ಮುಕ್ಕಳಿಸಿ, ನಿಮ್ಮದೇ ಜೊಲ್ಲು ಸಂಗ್ರಹಿಸಿ ಹತ್ತು ಪಟ್ಟು ನೀರಾಗಿಸಿ. ಅದರಲ್ಲೊಂದು ಪಾಲನ್ನು ಎರಡನೆಯ ಭಾಗಕ್ಕೆ ಎತ್ತಿಟ್ಟು, ಉಳಿದದ್ದನ್ನು ಮತ್ತೆ ಹತ್ತು ಪಟ್ಟು ನೀರಾಗಿಸಿ. ಪಿಎಚ್ 7ರ ಪ್ರನಾಳದಲ್ಲಿ ಪಿಷ್ಟ ಮುಗಿಯಲು ಎರಡು ಮೂರು ನಿಮಿಷ ಹಿಡಿಯುವ ಹಾಗೆ ಈ ಪ್ರಮಾಣವನ್ನು ಹೊಂದಿಸಿಕೊಳ್ಳಿ. ಮೂವತ್ತೇ ಸೆಕೆಂಡಿನಲ್ಲಿ ಮುಗಿದುಹೋದರೆ ಯಾವ ಪಿಎಚ್ ಹೆಚ್ಚು, ಯಾವುದು ಕಡಿಮೆ ಎಂದು ಬೇರ್ಪಡಿಸಲು ಆಗುವುದಿಲ್ಲ. ಕನ್ನಡಕ ಧರಿಸಿ, ಜೊಲ್ಲು ತಾಗಿದ ಸಾಮಗ್ರಿಯನ್ನು ಬ್ಲೀಚ್‌ನಲ್ಲಿ ನೆನೆಸಿ ತೊಳೆಯಿರಿ.

ಮೊದಲ ಭಾಗ: ವೇಗ

1. ಪ್ರತಿ ಪ್ರನಾಳಕ್ಕೆ 2 ಮಿ.ಲೀ. ಬಫರ್, 2 ಮಿ.ಲೀ. ಪಿಷ್ಟ ಹಾಕಿ 37 ಡಿಗ್ರಿ ನೀರಿನಲ್ಲಿ ಐದು ನಿಮಿಷ ಇಡಿ. ಕಿಣ್ವವನ್ನು ಬೇರೆ ಪ್ರನಾಳದಲ್ಲಿ ಬಿಸಿ ಮಾಡಿ.
2. ಬಿಳಿ ಗುಳಿತಟ್ಟೆಯ ಗುಳಿಗಳಲ್ಲಿ ಒಂದೊಂದು ಹನಿ ಅಯೋಡಿನ್ ಇಟ್ಟುಕೊಳ್ಳಿ.
3. 1 ಮಿ.ಲೀ. ಕಿಣ್ವ ಹಾಕಿ, ಅಲುಗಿಸಿ, ಗಡಿಯಾರ ಶುರು ಮಾಡಿ.
4. ಪ್ರತಿ 15 ಸೆಕೆಂಡಿಗೊಮ್ಮೆ ಒಂದು ಹನಿ ತೆಗೆದು ಹೊಸ ಗುಳಿಗೆ ಹಾಕಿ. ಬಣ್ಣ ನೀಲಿಯಿಂದ ನೇರಳೆಗೆ, ಕೆಂಗಂದಿಗೆ ತಿರುಗಿ ಕೊನೆಗೆ ಅಯೋಡಿನ್ನಿನ ಹಳದಿಯಷ್ಟೇ ಉಳಿಯುತ್ತದೆ. ಆ ಸಮಯ ಬರೆದುಕೊಳ್ಳಿ.

ಕಿಣ್ವವನ್ನು ಕೊನೆಯಲ್ಲೇ ಹಾಕಬೇಕು. ಮೊದಲೇ ಆಮ್ಲೀಯ ಬಫರ್‌ನಲ್ಲಿ ಐದು ನಿಮಿಷ ನೆನೆಸಿಟ್ಟರೆ ನೀವು ಅಳೆಯುವುದು ವೇಗವನ್ನೋ ಹಾನಿಯನ್ನೋ ಎಂಬ ಗೊಂದಲ ಇಲ್ಲಿಂದಲೇ ಆರಂಭವಾಗುತ್ತದೆ. ಜೊತೆಗೆ ಎರಡು ಹೋಲಿಕೆ ಪ್ರನಾಳಗಳು ಬೇಕು: ಕುದಿಸಿದ ಕಿಣ್ವದ್ದೊಂದು, ಕಿಣ್ವವೇ ಇಲ್ಲದ್ದೊಂದು. ಎರಡೂ ಕೊನೆವರೆಗೆ ನೀಲಿಯಾಗಿಯೇ ಇರಬೇಕು.

1000ವನ್ನು ಸೆಕೆಂಡುಗಳಿಂದ ಭಾಗಿಸಿದರೆ ಸಾಪೇಕ್ಷ ವೇಗ ಸಿಗುತ್ತದೆ. 150 ಸೆಕೆಂಡಿಗೆ 6.7. ಹತ್ತು ನಿಮಿಷವಾದರೂ ನೀಲಿ ಹೋಗದಿದ್ದರೆ 'ಸೊನ್ನೆ' ಎಂದು ಬರೆಯಬೇಡಿ, '1.7ಕ್ಕಿಂತ ಕಡಿಮೆ' ಎಂದು ಬರೆಯಿರಿ. ನಿಮಗೆ ಗೊತ್ತಿರುವುದು ಅಷ್ಟೇ. 8ಕ್ಕಿಂತ ಮೇಲೆ ಹೋಗುವುದಾದರೆ ಬೇರೆ ಬಫರ್ ಬೇಕು. ಅಲ್ಲಿ ಕ್ಷಾರವೇ ಅಯೋಡಿನ್ನನ್ನು ತಿಂದು ಬಣ್ಣ ಅಳಿಸುತ್ತದೆ, ಕಿಣ್ವ ಭರ್ಜರಿಯಾಗಿ ಕೆಲಸ ಮಾಡಿದಂತೆ ತೋರುತ್ತದೆ. ಗುಳಿಗೆ ಒಂದು ಹನಿ ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲ ಬಿಟ್ಟು ನೋಡಿದರೆ ನಿಜ ಹೊರಬೀಳುತ್ತದೆ.

ಎರಡನೆಯ ಭಾಗ: ಮರಳಿ ಬರುತ್ತದೆಯೇ?

ಎತ್ತಿಟ್ಟ ಗಟ್ಟಿ ಕಿಣ್ವದ 1 ಮಿ.ಲೀ.ಗೆ ಪಿಎಚ್ 3ರ ಬಫರ್ 1 ಮಿ.ಲೀ. ಸೇರಿಸಿ 37 ಡಿಗ್ರಿಯಲ್ಲಿ ಹತ್ತು ನಿಮಿಷ ಬಿಡಿ. ನಂತರ ಪಿಎಚ್ 7ರ ಬಫರ್ 8 ಮಿ.ಲೀ. ಸುರಿಯಿರಿ. ಮಿಶ್ರಣ ಸುಮಾರು 6.7ಕ್ಕೆ ಬಂದು ನಿಲ್ಲುತ್ತದೆ, ಅಮೈಲೇಸ್‌ಗೆ ಹಿತವಾದ ಜಾಗ. ಹೋಲಿಕೆಗಾಗಿ ಇನ್ನೊಂದು ಪ್ರನಾಳದಲ್ಲಿ ಪಿಎಚ್ 3ರ ಬದಲು ಮೊದಲಿನಿಂದಲೂ 7ರ ಬಫರನ್ನೇ ಹಾಕಿ, ಉಳಿದದ್ದೆಲ್ಲ ಹಾಗೆಯೇ ಇರಲಿ. ಎರಡರಿಂದಲೂ 1 ಮಿ.ಲೀ. ತೆಗೆದು, ಪಿಎಚ್ 7ರ ಬಫರ್ ಹಾಕಿದ ಪಿಷ್ಟದ ಮೇಲೆ ಮೊದಲ ಭಾಗದಂತೆಯೇ ಪರೀಕ್ಷಿಸಿ.

ಎರಡೂ ಒಂದೇ ವೇಗದಲ್ಲಿ ಓಡಿದರೆ ಆಮ್ಲ ಕಿಣ್ವವನ್ನು ನಿಲ್ಲಿಸಿತ್ತಷ್ಟೇ. ಆಮ್ಲ ಕಂಡದ್ದು ನಿಧಾನವಾದರೆ ಆ ಕೊರತೆಯಷ್ಟು ಕಿಣ್ವ ಕೆಟ್ಟಿದೆ. ಇದನ್ನೇ ಪಿಎಚ್ 5ರ ಬಫರ್‌ನೊಂದಿಗೆ ಮಾಡಿ ನೋಡಿ. ಅಲ್ಲಿ ಹಾನಿ ಬಹಳ ಕಡಿಮೆ ಇರಬೇಕು. ನೆನೆಸುವ ಅವಧಿಯನ್ನು 1, 5, 20 ನಿಮಿಷಕ್ಕೆ ಬದಲಿಸಿದರೆ ವ್ಯತ್ಯಾಸ ಇನ್ನೂ ನಿಚ್ಚಳ: ಪ್ರೋಟಾನ್ ಅಂಟುವುದಕ್ಕೆ ಕ್ಷಣವೂ ಬೇಡ, ಮಡಿಕೆ ಬಿಚ್ಚಿ ಕಿಣ್ವ ಕೆಡುವುದು ಹೊತ್ತು ಕಳೆದಂತೆ ಬೆಳೆಯುತ್ತದೆ. ಫಲಿತಾಂಶ ಓದುವಾಗ ಒಂದು ಎಚ್ಚರ ಬೇಕು. ಅಮೈಲೇಸ್‌ನ ರಚನೆ ಕ್ಯಾಲ್ಸಿಯಂ ಅಯಾನನ್ನು ನೆಚ್ಚಿಕೊಂಡಿದೆ, ಸಿಟ್ರೇಟ್ ಕ್ಯಾಲ್ಸಿಯಂ ಕಸಿಯುವ ಗುಣದ್ದು. ಪಿಎಚ್ 3ರ ಬಫರ್‌ನಲ್ಲಿ ಸಿಟ್ರಿಕ್ ಆಮ್ಲದ ಪಾಲು 7ರದ್ದಕ್ಕಿಂತ ನಾಲ್ಕು ಪಟ್ಟಿಗೂ ಹೆಚ್ಚು. ಅನುಮಾನ ಬಂದರೆ ಸಿಟ್ರೇಟ್ ಬದಲು ಗ್ಲೈಸಿನ್-ಹೈಡ್ರೋಕ್ಲೋರಿಕ್ ಆಮ್ಲದ ಪಿಎಚ್ 3ರ ಬಫರ್‌ನಲ್ಲಿ ನೆನೆಸಿ, ಮಿಶ್ರಣದ ಕೊನೆಯ ಪಿಎಚ್ ಮತ್ತೆ ಅಳೆದು, ಇದೇ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿ.