ಸಂಜೆ ನಾಲ್ಕೂವರೆಯ ಹಸಿವು

ನಮ್ಮದು ಬದಿಯಡ್ಕದ ಹತ್ತಿರದ ಒಂದು ಹಳ್ಳಿ. ಕಾಸರಗೋಡು ಪೇಟೆಯಲ್ಲಿ ನನಗೆ ಗುಮಾಸ್ತೆ ಕೆಲಸ. ಐದು ಗಂಟೆಗೆ ಬಾಗಿಲು ಹಾಕಿ ಬಸ್ ಸ್ಟ್ಯಾಂಡಿಗೆ ಬಂದರೆ ಎದುರಿಗೇ ಬೇಕರಿ. ಗಾಜಿನ ಪೆಟ್ಟಿಗೆಯೊಳಗೆ ಪಳಂಪೊರಿ (ಬಾಳೆಹಣ್ಣಿನ ಬಜ್ಜಿ), ಉಳ್ಳಿವಡೆ, ಕಟ್ಲೆಟ್, ಎಗ್ ಪಫ್ಸ್. ಮಧ್ಯಾಹ್ನ ಒಂದಕ್ಕೆ ಉಂಡವಳಿಗೆ ಆ ಹೊತ್ತಿನಲ್ಲಿ ಹೊಟ್ಟೆ ಚುರುಗುಟ್ಟುತ್ತಿರುತ್ತದೆ. ಹತ್ತು ವರ್ಷ ನಾನು ಆ ಪೆಟ್ಟಿಗೆಯ ಮುಂದೆ ನಿಂತು ಒಂದು ಪಳಂಪೊರಿ, ಒಂದು ಚಹಾ ಮುಗಿಸಿಯೇ ಬಸ್ಸು ಹತ್ತಿದ್ದೇನೆ. ಮಕ್ಕಳಿಗೆಂದು ಕಟ್ಟಿಸಿಕೊಂಡ ಪಫ್ಸಿನ ಪೊಟ್ಟಣ ಬೇರೆ.

2022ರ ಡಿಸೆಂಬರಿನಲ್ಲಿ ರಕ್ತಪರೀಕ್ಷೆ ಮಾಡಿಸಿದಾಗ ಎಚ್‌ಬಿಎ1ಸಿ 6.1 ಎಂದು ಬಂತು. ಇದು ಹಿಂದಿನ ಸುಮಾರು ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ತೋರಿಸುವ ಲೆಕ್ಕ. 5.7ರಿಂದ 6.4ರವರೆಗೆ ಇದ್ದರೆ ಸಕ್ಕರೆ ಕಾಯಿಲೆಯ ಹೊಸ್ತಿಲು, 6.5 ಮುಟ್ಟಿದರೆ ಕಾಯಿಲೆ. ನನಗೆ ಆಗ 41. ನನ್ನ ಅಮ್ಮನಿಗೆ ಇದೇ ಕಾಯಿಲೆಯಿಂದ ಕಾಲಿನಲ್ಲಿ ಹುಣ್ಣಾಗಿ, ಕೊನೆಯ ಎರಡು ವರ್ಷ ಆ ಹುಣ್ಣನ್ನು ತೊಳೆದು ಬಟ್ಟೆ ಕಟ್ಟಿದವಳು ನಾನು. ಆ ಚೀಟಿ ಕೈಯಲ್ಲಿ ಹಿಡಿದು ಬಸ್ಸಿನಲ್ಲಿ ಕೂತಾಗ ನನ್ನ ಮನಸ್ಸಿಗೆ ಬಂದದ್ದು ಆ ಹಳೆಯ ಸೀರೆಯ ಬಟ್ಟೆತುಂಡುಗಳು.

ಮೊದಲ ವಾರ ನಾನು ಮಾಡಿದ್ದು ತಪ್ಪು. ಸೋಮವಾರ ಬೆಳಿಗ್ಗೆ ಅಡುಗೆಮನೆಯ ಡಬ್ಬಿಗಳನ್ನೆಲ್ಲ ಖಾಲಿ ಮಾಡಿದೆ. ಮಿಕ್ಸ್ಚರ್, ಕ್ರೀಮ್ ಬಿಸ್ಕೆಟ್, ನೂಡಲ್ಸ್, ರಸ್ಕ್, ಎಲ್ಲವೂ ಹೊರಗೆ. ಇನ್ನು ಮನೆಗೆ ಇಂಥದ್ದು ಬರುವುದಿಲ್ಲ ಎಂದು ಹೇಳಿಬಿಟ್ಟೆ. ಗುರುವಾರ ಮಗನ ಶಾಲೆ ಚೀಲ ಒಗೆಯಲು ತೆಗೆದರೆ ತಳದಲ್ಲಿ ಐದಾರು ಚಿಪ್ಸ್ ಪ್ಯಾಕೆಟಿನ ಕವರುಗಳು, ಮಡಚಿ ಮಡಚಿ ಸಣ್ಣದು ಮಾಡಿ ಇಟ್ಟವು. ಅವನು ನನ್ನಿಂದ ಏನನ್ನಾದರೂ ಅಡಗಿಸಿದ್ದು ಅದೇ ಮೊದಲು. ಅವನು ತಿಂದದ್ದಕ್ಕಿಂತ ಅಡಗಿಸಿದ್ದು ನನಗೆ ಹೆಚ್ಚು ನೋವು ಕೊಟ್ಟಿತು. ಅವತ್ತು ರಾತ್ರಿ ಅತ್ತೆ ಹೇಳಿದರು: "ನಾಲ್ಕೂವರೆಗೆ ಹಸಿದು ಬರುವ ಮಕ್ಕಳ ಎದುರು ಖಾಲಿ ಡಬ್ಬಿ ಇಟ್ಟರೆ ಅವು ಅಂಗಡಿಗೇ ಹೋಗುವುದು. ಆ ಹೊತ್ತಿಗೆ ಏನು ಬೇಯಿಸಬೇಕು ಹೇಳು ಮಗಾ, ನಾನು ಬೇಯಿಸಿ ಇಡ್ತೇನೆ."

ಅಲ್ಲಿಂದ ನನಗೆ ದಾರಿ ಕಾಣಿಸಿತು. ಒಂದು ವಾರ ಏನನ್ನೂ ಬದಲಿಸದೆ, ಮನೆಯ ಐದು ಜನರೂ ಯಾವ ಹೊತ್ತಿಗೆ ಏನು ತಿನ್ನುತ್ತೇವೆ ಎಂದು ಕ್ಯಾಲೆಂಡರಿನ ಹಿಂದೆ ಬರೆದೆ. ಬೆಳಿಗ್ಗೆ ದೋಸೆಯೋ ಪುಂಡಿಯೋ, ಮಧ್ಯಾಹ್ನ ಕುಚ್ಚಲಕ್ಕಿ ಅನ್ನ, ಸಾರು, ಮೀನು, ರಾತ್ರಿಯೂ ಹೆಚ್ಚುಕಡಿಮೆ ಅದೇ. ಊಟದಲ್ಲಿ ಪೊಟ್ಟಣದ ವಸ್ತು ಇರಲೇ ಇಲ್ಲ. ನಮ್ಮ ಮನೆಯ ಎಲ್ಲ ಬೇಕರಿ ತಿಂಡಿಯೂ ನಾಲ್ಕೂವರೆಯಿಂದ ಏಳರ ಒಳಗೆ ಬರುತ್ತಿತ್ತು, ಆ ವಾರದ ಖರ್ಚು 640 ರೂಪಾಯಿ. ನಾನು ಸರಿಮಾಡಬೇಕಾಗಿದ್ದದ್ದು ಆ ಎರಡೂವರೆ ಗಂಟೆಯನ್ನು.

ಈಗ ನಮ್ಮಲ್ಲಿ ಅದು ನಡೆಯುವುದು ಹಿಂದಿನ ರಾತ್ರಿಯಿಂದ. ಊಟವಾದ ಮೇಲೆ ಪಾತ್ರೆ ತೊಳೆಯುವ ಹೊತ್ತಿಗೆ ನನ್ನ ಗಂಡ ಕಾಳು ನೆನೆಹಾಕುತ್ತಾರೆ. ಅತ್ತೆಗೆ 68, ಅವರ ಮೇಲೆ ಪೂರಾ ಭಾರ ಹೊರಿಸಬಾರದು ಎಂದು ನಾವಿಬ್ಬರೂ ಮೊದಲೇ ಮಾತಾಡಿಕೊಂಡಿದ್ದೆವು. ಒಂದು ದಿನ ಕಪ್ಪು ಕಡ್ಲೆ, ಒಂದು ದಿನ ಹೆಸರು, ಒಂದು ದಿನ ಅಲಸಂಡೆ ಬೀಜ, ನಡುವೆ ಹುರುಳಿ. ಐದು ಜನರಿಗೆ ಕಾಲು ಕಿಲೋ ಸಾಕು. ಕಡ್ಲೆ ಎಂಟು ಗಂಟೆಗಿಂತ ಕಡಿಮೆ ನೆಂದರೆ ಅಷ್ಟು ಬೇಗ ಬೇಯದೆ ನಡುವೆ ಗಟ್ಟಿ ಉಳಿಯುತ್ತದೆ. ಸರಿಯಾಗಿ ನೆಂದದ್ದು ನಾಲ್ಕೈದು ಸೀಟಿಗೆ ಬೆಣ್ಣೆಯ ಹಾಗೆ ಬೇಯುತ್ತದೆ. ಬೆಳಿಗ್ಗೆ ನಾನು ಬೇಯಿಸಿ, ತಣಿದ ಮೇಲೆ ಫ್ರಿಜ್ಜಿನಲ್ಲಿಟ್ಟು ಹೋಗುತ್ತೇನೆ. ಸಂಜೆ ಅತ್ತೆಗೆ ಉಳಿಯುವುದು ಒಂದು ಚಮಚ ತೆಂಗಿನೆಣ್ಣೆಯಲ್ಲಿ ಸಾಸಿವೆ, ಕರಿಬೇವಿನಸೊಪ್ಪು, ಒಣಮೆಣಸಿನ ಒಗ್ಗರಣೆ ಮತ್ತು ಒಂದು ಹಿಡಿ ಕಾಯಿತುರಿ. ಹತ್ತು ನಿಮಿಷದೊಳಗೆ ಬಿಸಿ ಉಸ್ಲಿ. ಅದಕ್ಕೆ ಅವಲಕ್ಕಿ ಕಲಸಿದರೆ ಕಡ್ಲೆ ಬಜಿಲ್. ಮಂಗಳೂರು ಕಡೆಯ ಹೋಟೆಲುಗಳಲ್ಲಿ ಇದನ್ನು ಈಗಲೂ ಬೆಳಗಿನ ತಿಂಡಿಗೆ ಕೇಳಿ ತಿನ್ನುವವರಿದ್ದಾರೆ. ನಮ್ಮ ಮಕ್ಕಳಿಗೆ ಅದು ಹೊಸ ತಿಂಡಿಯಾಗಿತ್ತು ಎಂಬುದು ನನಗೆ ಬೇಸರದ ವಿಷಯ.

ಮೊಳಕೆ ಬರಿಸುವವರಿಗೆ ನಮ್ಮ ಊರಿನ ಮಳೆಗಾಲದ ಬಗ್ಗೆ ಒಂದು ಮಾತು. ಜೂನ್, ಜುಲೈಯಲ್ಲಿ ಹೆಸರನ್ನು ಬಟ್ಟೆಯಲ್ಲಿ ಕಟ್ಟಿಟ್ಟರೆ ಮೊಳಕೆ ಬರುವ ಮೊದಲೇ ಲೋಳೆಯಾಗಿ ವಾಸನೆ ಬರುತ್ತದೆ. ಎರಡು ಸಲ ಅರ್ಧ ಕಿಲೋ ಬಿಸಾಡಬೇಕಾಯಿತು. ಈಗ ಆ ತಿಂಗಳುಗಳಲ್ಲಿ ಮೊಳಕೆಗೆ ಕೈಹಾಕದೆ ಬರಿದೆ ನೆನೆಸಿ ಬೇಯಿಸುತ್ತೇವೆ. ಬೇಸಿಗೆಯಲ್ಲಿ ಬರಿಸಿದ ಮೊಳಕೆಯನ್ನೂ ಹಸಿಯಾಗಿ ಕೊಡುವುದಿಲ್ಲ. ಮೊಳಕೆ ಒಡೆಯುವ ಆ ತೇವ, ಆ ಬೆಚ್ಚಗೆ ಬ್ಯಾಕ್ಟೀರಿಯಾಕ್ಕೂ ಹಿತ. ಹಬೆಯಲ್ಲಿ ಚೆನ್ನಾಗಿ ಬೇಯಿಸಿಯೇ ಕೊಡುವುದು.

ಪಳಂಪೊರಿಯ ಆಸೆ ನನಗೆ ಸುಲಭದಲ್ಲಿ ಬಿಡಲಿಲ್ಲ. ನೇಂದ್ರ ಬಾಳೆ ನಮ್ಮ ತೋಟದಲ್ಲೇ ಇದೆ. ಅದನ್ನು ಮೈದಾದಲ್ಲಿ ಅದ್ದಿ ಕರಿಯುವ ಬದಲು ಸಿಪ್ಪೆ ಸಮೇತ ಮೂರು ತುಂಡು ಮಾಡಿ ಹತ್ತು ನಿಮಿಷ ಹಬೆಗಿಟ್ಟು, ಸಿಪ್ಪೆ ತೆಗೆದು, ಮೇಲೆ ಹುರಿದ ಎಳ್ಳು, ಕಾಯಿತುರಿ ಉದುರಿಸಿದೆವು. ಹದವಾಗಿ ಹಣ್ಣಾಗಿದ್ದರೆ ಒಳ್ಳೆಯದು. ತೀರಾ ಕಳಿತದ್ದು ಬೆಂದಾಗ ಮುದ್ದೆಯಾಗುತ್ತದೆ, ಸಿಹಿಯೂ ಹೆಚ್ಚು. ನಾನು ಅರ್ಧ ಹಣ್ಣಿಗೆ ನಿಲ್ಲಿಸುತ್ತೇನೆ, ಅದರ ಜೊತೆ ಒಂದು ಹಿಡಿ ಬೇಯಿಸಿದ ನೆಲಗಡಲೆ. ಬರೀ ಹಣ್ಣು ತಿಂದ ದಿನ ಏಳು ಗಂಟೆಗೆ ಮತ್ತೆ ಹಸಿವು, ಕಡಲೆ ಜೊತೆಗಿದ್ದ ದಿನ ರಾತ್ರಿ ಊಟದವರೆಗೆ ನೆಮ್ಮದಿ. ಮರಗೆಣಸಿನ ವಿಷಯವೂ ಹಾಗೆಯೇ. ಸಿಪ್ಪೆ ಸುಲಿದು, ತುಂಡು ಮಾಡಿ, ಧಾರಾಳ ನೀರಿನಲ್ಲಿ ಬೇಯಿಸಿ ಆ ನೀರು ಚೆಲ್ಲಬೇಕು. ಅದರಲ್ಲಿ ಸಯನೈಡ್ ಬಿಡುವ ಅಂಶ ಇರುತ್ತದೆ, ಹಿರಿಯರು ನೀರು ಚೆಲ್ಲುತ್ತಿದ್ದದ್ದು ಅದಕ್ಕೇ. ಆದರೆ ಅದರಲ್ಲಿರುವುದು ಹೆಚ್ಚಾಗಿ ಪಿಷ್ಟವೇ. ಒಂಟಿಯಾಗಿ ಬಟ್ಟಲು ತುಂಬ ತಿನ್ನುವ ಬದಲು ಬೂತಾಯಿ ಮೀನಿನ ಪುಳಿಮುಂಚಿಯ (ಹುಳಿ ಖಾರದ ಸಾರು) ಜೊತೆ ನಾಲ್ಕು ತುಂಡು ಸಾಕು.

ಇಲ್ಲಿ ಒಂದು ವಿಷಯ ಒತ್ತಿ ಹೇಳಬೇಕು. ನಮ್ಮ ಊರಿನ ತಿಂಡಿ ಎಂದ ಮಾತ್ರಕ್ಕೆ ಎಲ್ಲವೂ ಒಳ್ಳೆಯದು ಎಂದು ನಾನೂ ಕೆಲವು ತಿಂಗಳು ನಂಬಿದ್ದೆ. ನೀರುದೋಸೆ, ಪುಂಡಿ, ಕೊಟ್ಟಿಗೆ, ಗಟ್ಟಿ, ಸೇಮಿಗೆ, ಹೆಸರು ಬೇರೆ ಬೇರೆ, ಒಳಗಿರುವುದು ಹೆಚ್ಚಾಗಿ ಅಕ್ಕಿಯೇ. ಮೇಲೆ ಬೆಲ್ಲ, ಕಾಯಿಹಾಲು. ಬೇಕರಿ ಬಿಟ್ಟು ಇವನ್ನೇ ಮೂರು ಹೊತ್ತು ತಿಂದರೆ ನನ್ನಂಥವಳ ಸಕ್ಕರೆ ಇಳಿಯುವುದಿಲ್ಲ. ಮೂರು ತಿಂಗಳ ನಂತರ ಮಾಡಿಸಿದ ಪರೀಕ್ಷೆಯಲ್ಲಿ ಮತ್ತೆ 6.1 ಬಂದಾಗ ಇದು ಅರ್ಥವಾಯಿತು. ಆಮೇಲೆ ನೀರುದೋಸೆಯ ದಿನ ಚಟ್ನಿಯ ಬದಲು ಹೆಸರುಕಾಳಿನ ಗಸಿ (ಗಟ್ಟಿ ಸಾರು) ಬಂತು. ಉದ್ದಿನ ದೋಸೆ ಹಿಟ್ಟಿಗೆ ಒಂದು ಕಪ್ ರಾಗಿ ಸೇರಿತು. ಮಧ್ಯಾಹ್ನ ಮೂರು ಸೌಟು ಅನ್ನ ಬಡಿಸಿಕೊಳ್ಳುತ್ತಿದ್ದವಳು ಒಂದೂವರೆಗೆ ಇಳಿಸಿ, ಖಾಲಿಯಾದ ಜಾಗದಲ್ಲಿ ಹರಿವೆಯೋ ಬಸಳೆಯೋ ತೊಂಡೆಕಾಯಿಯೋ ಎರಡು ಪಾಲು ಹಾಕಿಕೊಂಡೆ. 2024ರಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಹೊರತಂದ ಆಹಾರ ಮಾರ್ಗಸೂಚಿಯಲ್ಲೂ ತಟ್ಟೆಯ ಅರ್ಧದಷ್ಟು ತರಕಾರಿ, ಸೊಪ್ಪು, ಹಣ್ಣು ಇರಬೇಕು ಎಂದಿದೆ. ನಮ್ಮಲ್ಲಿ ತಟ್ಟೆಯ ಅರ್ಧಕ್ಕೂ ಮೇಲೆ ಅನ್ನವೇ ಇರುವ ಮನೆಗಳು ಹೆಚ್ಚು.

ಸಕ್ಕರೆಯನ್ನು ಚಹಾದಿಂದ ಇಳಿಸಿದ್ದು ತುಂಬ ನಿಧಾನವಾಗಿ. ದಿನಕ್ಕೆ ನಾಲ್ಕು ಚಹಾ, ಒಂದೊಂದಕ್ಕೆ ಎರಡು ಚಮಚ. ಚಮಚಕ್ಕೆ ನಾಲ್ಕು ಗ್ರಾಮ್ ಹಿಡಿದರೂ 32 ಗ್ರಾಮ್ ಚಹಾದಲ್ಲೇ. ದಿನಕ್ಕೆ 25 ಗ್ರಾಮಿನೊಳಗೆ ಇದ್ದರೆ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಎರಡು ವಾರಕ್ಕೊಮ್ಮೆ ಅರ್ಧರ್ಧ ಚಮಚ ಕಡಿಮೆ ಮಾಡುತ್ತಾ ಬಂದೆ. ಈಗ ಅರ್ಧ ಚಮಚ, ಎರಡು ಚಹಾ. ಮದುವೆಮನೆಯ ಚಹಾ ಬಾಯಿಗಿಟ್ಟರೆ ಪಾಯಸದ ಹಾಗನ್ನಿಸುತ್ತದೆ. ಬಾಟಲಿಯ ಕೋಲಾದಲ್ಲಿ 100 ಮಿಲಿಲೀಟರಿಗೆ ಹತ್ತು ಹನ್ನೊಂದು ಗ್ರಾಮ್ ಸಕ್ಕರೆ ಎಂದು ಮಗಳಿಗೆ ಚಮಚದಲ್ಲಿ ಅಳೆದು ಲೋಟಕ್ಕೆ ಹಾಕಿ ತೋರಿಸಿದೆ. ಅವಳು ಲೋಟವನ್ನೇ ಸ್ವಲ್ಪ ಹೊತ್ತು ನೋಡಿದಳು, ಏನೂ ಹೇಳಲಿಲ್ಲ. ಮನೆಯಲ್ಲಿ ಈಗ ಶುಂಠಿ, ಗಾಂಧಾರಿ ಮೆಣಸು ಜಜ್ಜಿ ಹಾಕಿದ ಮಜ್ಜಿಗೆ ನೀರು. ಪುನರ್ಪುಳಿಯೂ (ಕೋಕಂ) ಉಂಟು, ಆದರೆ ಅಂಗಡಿಯ ಸಿರಪ್ಪಿನಲ್ಲಿ ಸಕ್ಕರೆಯೇ ಜಾಸ್ತಿ ಇರುವುದರಿಂದ ಒಣಸಿಪ್ಪೆ ನೆನೆಸಿ, ಉಪ್ಪು, ಜೀರಿಗೆ ಹಾಕಿ ನಾವೇ ಮಾಡುತ್ತೇವೆ.

ಮಗನ ಮನಸ್ಸು ತಿರುಗಿಸಿದ್ದು ನನ್ನ ಬುದ್ಧಿಮಾತಲ್ಲ, ಪ್ಯಾಕೆಟಿನ ಹಿಂಬದಿ. ಅವನು ಒಂಬತ್ತನೇ ತರಗತಿ, ಲೆಕ್ಕದಲ್ಲಿ ಚುರುಕು. ಪದಾರ್ಥಗಳನ್ನು ತೂಕದ ಇಳಿಕೆ ಕ್ರಮದಲ್ಲಿ ಬರೆದಿರುತ್ತಾರೆ, ಮೊದಲು ಇರುವುದೇ ಹೆಚ್ಚು ಇರುವುದು ಎಂದು ಹೇಳಿಕೊಟ್ಟೆ. ಅವನು ಅಂಗಡಿಯಿಂದ ರಾಗಿ ಬಿಸ್ಕೆಟ್ ತಂದು, "ಅಮ್ಮಾ, ಇದರಲ್ಲಿ ಮೊದಲನೆಯದು ಮೈದಾ, ಎರಡನೆಯದು ಸಕ್ಕರೆ, ಆಮೇಲೆ ಪಾಮ್ ಎಣ್ಣೆ. ರಾಗಿ ಎಲ್ಲೋ ಕೆಳಗಿದೆ" ಎಂದು ಸಿಟ್ಟಿನಲ್ಲಿ ತೋರಿಸಿದ. ನೂಡಲ್ಸ್ ಪ್ಯಾಕೆಟಿನ ಸೋಡಿಯಂ ಅಂಕಿಯನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ತೂಕ ಸಿಗುತ್ತದೆ. ದಿನಕ್ಕೆ ಐದು ಗ್ರಾಮಿಗಿಂತ ಕಡಿಮೆ ಇರಬೇಕಾದಲ್ಲಿ ಒಂದು ಪ್ಯಾಕೆಟಿನಲ್ಲೇ ಅರ್ಧದಷ್ಟು ಬಂದದ್ದನ್ನು ಅವನೇ ಲೆಕ್ಕ ಹಾಕಿದ. ಕೆಲವು ಪ್ಯಾಕೆಟುಗಳಲ್ಲಿ ಅಂಕಿ 100 ಗ್ರಾಮಿಗೆ ಇರುತ್ತದೆ, ಕೆಲವದರಲ್ಲಿ ಒಂದು ಸಲ ತಿನ್ನುವ ಪಾಲಿಗೆ. ಅದನ್ನು ನೋಡದೆ ಹೋಲಿಸಿದರೆ ಮೋಸಹೋಗುತ್ತೇವೆ. ಈಗ ಅವನ ಗೆಳೆಯರೂ ಕವರು ತಿರುಗಿಸಿ ಓದುತ್ತಾರಂತೆ.

2020ರಲ್ಲಿ ಬಂದ ಆಹಾರ ಸುರಕ್ಷತಾ ನಿಯಮದ ಪ್ರಕಾರ ಕೊಬ್ಬು, ಉಪ್ಪು, ಸಕ್ಕರೆ ಹೆಚ್ಚಿರುವ ತಿನಿಸುಗಳನ್ನು ಶಾಲೆಯೊಳಗೂ, ಶಾಲೆಯ ಗೇಟಿನಿಂದ 50 ಮೀಟರಿನೊಳಗೂ ಮಾರುವಂತಿಲ್ಲ. ಇದನ್ನು ರಕ್ಷಕ ಶಿಕ್ಷಕ ಸಂಘದ ಸಭೆಯಲ್ಲಿ ಓದಿ ಹೇಳಿದೆ. ಹತ್ತಿರದ ಅಂಗಡಿಯವರ ಹೊಟ್ಟೆಪಾಡಿಗೆ ಕಲ್ಲು ಹಾಕುವುದು ನನಗೆ ಬೇಡವಾಗಿತ್ತು. ಹಾಗಾಗಿ ಇನ್ನೂ ಇಬ್ಬರು ತಾಯಂದಿರ ಜೊತೆ ಅಂಗಡಿಗೇ ಹೋಗಿ ಕೂತು ಮಾತಾಡಿದೆವು. ಬೇಯಿಸಿದ ನೆಲಗಡಲೆ, ಬಾಳೆಹಣ್ಣು, ಕಡ್ಲೆ ಇಟ್ಟು ನೋಡಿ, ಉಳಿದರೆ ಮೊದಲ ವಾರದ ನಷ್ಟ ನಾವು ಕೊಡುತ್ತೇವೆ ಎಂದೆವು. ಹಣ ಕೊಡಬೇಕಾಗಿ ಬರಲಿಲ್ಲ. ಸಂಜೆ ನೆಲಗಡಲೆ ಮೊದಲು ಖಾಲಿಯಾಗುತ್ತದೆ.

ಪರೋಟವನ್ನು ನಾವು ಪೂರ್ತಿ ಬಿಟ್ಟಿಲ್ಲ, ಬಿಡಬೇಕು ಎಂದು ನನಗೆ ಅನ್ನಿಸುವುದೂ ಇಲ್ಲ. ಹದಿನೈದು ದಿನಕ್ಕೊಮ್ಮೆ ಎಲ್ಲರೂ ಹೋಟೆಲಿಗೆ ಹೋಗಿ ಕೂತು, ತಿಂದು ಬರುತ್ತೇವೆ. ಕಟ್ಟಿಸಿಕೊಂಡು ಬರುವ ಕ್ರಮ ಮಾತ್ರ ಇಲ್ಲ. ಪೊಟ್ಟಣ ಮನೆಗೆ ಬಂದರೆ ಅದು ಮಾರನೆಯ ದಿನದ ತಿಂಡಿಯೂ ಆಗುತ್ತದೆ. ಹಬ್ಬ, ಕೋಲ, ಮದುವೆಯ ಪಾಯಸಕ್ಕೆ ಲೆಕ್ಕವಿಲ್ಲ. ಬಂಗುಡೆ, ಬೂತಾಯಿಯನ್ನು ವಾರದಲ್ಲಿ ಒಂದೇ ದಿನ ಎಣ್ಣೆಯಲ್ಲಿ ಕಾಯಿಸುವುದು, ಉಳಿದ ದಿನ ಸಾರು. ತಿಂಗಳಿಗೆ ನಾಲ್ಕು ಲೀಟರ್ ಮುಗಿಯುತ್ತಿದ್ದ ತೆಂಗಿನೆಣ್ಣೆ ಈಗ ಎರಡೂವರೆಗೆ ನಿಂತಿದೆ.

2023ರ ಕೊನೆಗೆ ನನ್ನ ಎಚ್‌ಬಿಎ1ಸಿ 5.7, ತೂಕದಲ್ಲಿ ಐದು ಕಿಲೋ ಇಳಿಕೆ. ಇದೆಲ್ಲ ಉಸ್ಲಿಯಿಂದಲೇ ಆಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಎರಡು ಸ್ಟಾಪ್ ಮೊದಲೇ ಇಳಿದು ಮನೆಗೆ ನಡೆಯುವುದನ್ನೂ ಆಗಲೇ ಶುರುಮಾಡಿದ್ದೆ. ಮಾತ್ರೆ ತೆಗೆದುಕೊಳ್ಳುತ್ತಿರುವವರು ವೈದ್ಯರನ್ನು ಕೇಳದೆ ಅನ್ನ ಕಡಿಮೆ ಮಾಡಬಾರದು, ಸಕ್ಕರೆ ಒಮ್ಮೆಲೇ ಇಳಿದು ಅಪಾಯವಾದೀತು.

ಐದು ಗಂಟೆಯ ನನ್ನ ಹಸಿವಿಗೆ ಈಗ ಚೀಲದಲ್ಲೇ ಒಂದು ಸಣ್ಣ ಡಬ್ಬಿ ಇರುತ್ತದೆ, ಹುರಿಗಡಲೆ ಮತ್ತು ನಾಲ್ಕು ಚೂರು ಕೊಬ್ಬರಿ. ಬಸ್ಸು ಹೊರಡುವ ಮೊದಲು ತಿಂದು ಮುಗಿಸುತ್ತೇನೆ. ಕಳೆದ ವಾರ ಅತ್ತೆ ತಮ್ಮ ಮಗಳ ಮನೆಗೆ ಹೋಗಿದ್ದರು. ನಾನು ಆರು ಗಂಟೆಗೆ ಮನೆ ಸೇರಿದಾಗ ಐದನೇ ತರಗತಿಯ ಮಗಳು ಅಣ್ಣನನ್ನು ಒಲೆಯ ಹತ್ತಿರ ನಿಲ್ಲಿಸಿಕೊಂಡು ತಾನೇ ಕಡ್ಲೆಗೆ ಒಗ್ಗರಣೆ ಕೊಟ್ಟಿದ್ದಳು. ಸಾಸಿವೆ ಸ್ವಲ್ಪ ಸೀದಿತ್ತು. ನನ್ನ ಪಾಲನ್ನು ಬಟ್ಟಲಿಗೆ ಹಾಕಿ, ಮೇಲೆ ತಟ್ಟೆ ಮುಚ್ಚಿ ಇಟ್ಟಿದ್ದಳು.